ಬೆನ್ನು ತಿರುಗಿಸಿ ಆಲಿಸಿದ ಜಯಶೀಲಾ ಮೇಡಂ

ಶಿವಮೊಗ್ಗ ಸೀಮೆಯಲ್ಲಿ ಇಂಗ್ಲಿಷ್ ಕಲಿಸಿದವರನ್ನು ನೆನೆಯುವಾಗ ಕಾವ್ಯಪಾಠದಿಂದ ತರಗತಿಯನ್ನು ಮೈಮರೆಸಿದವರೂ ವ್ಯಾಕರಣವನ್ನು ಅರೆದು ಕುಡಿಸಿದವರೂ ಮೊದಲು ನಾಲಿಗೆಗೆ ಬರುತ್ತಾರೆ. ಆ ಸಾಲಿನಲ್ಲಿ ಶ್ರೀಮತಿ ಜಯಶೀಲಾ ಅವರ ಸ್ಥಾನ ಕೊಂಚ ಬೇರೆಯದು. ಮೂರು ದಶಕಗಳಿಗೂ ಮಿಕ್ಕಿ ಕಾಲೇಜುಗಳಲ್ಲಿ ಇಂಗ್ಲಿಷ್ ಅಧ್ಯಾಪಕಿಯಾಗಿ ದುಡಿದು ಈಗ ನಿವೃತ್ತರಾಗುತ್ತಿರುವ ಅವರು, ಸಂಜೆಯ ಹೊತ್ತು ಹೊಸಮನೆ ಬಡಾವಣೆಯ ತಮ್ಮ ಮನೆಯಲ್ಲಿ ಇನ್ನೊಂದು ತರಗತಿಯನ್ನು ನಡೆಸಿಕೊಂಡು ಬಂದರು. ಅಲ್ಲಿಗೆ ಬಂದವರು ನರ್ಸುಗಳು, ವೆಲ್ಡರುಗಳು, ಎಲೆಕ್ಟ್ರಿಷಿಯನ್ನರು, ಅಡುಗೆಯವರು. ಕೈಯಲ್ಲಿ ಕಸುಬಿದ್ದು, ಹೊರದೇಶದಲ್ಲಿ ಕೆಲಸ ಕೊಡುವವರೂ ಸಿಕ್ಕಿ, ಕುಶಲ ಕೆಲಸಗಾರರ ವೀಸಾಕ್ಕೆ ಇಂಗ್ಲಿಷಿನಲ್ಲಿ ಇಂತಿಷ್ಟು ಅಂಕ ಬೇಕೆಂಬ ಒಂದು ನಿಯಮದ ಮುಂದೆ ಕಾಲು ಕಟ್ಟಿ ನಿಂತವರು.

ಜಯಶೀಲಾ ಹುಟ್ಟಿ ಬೆಳೆದದ್ದು ಭದ್ರಾವತಿಯ ಜನ್ನಾಪುರದಲ್ಲಿ. ತಂದೆ ಏಕಾಂತಪ್ಪನವರು ಕಾರ್ಖಾನೆಯ ಕಾರ್ಮಿಕರು. ತಾಯಿ ಬಂಗಾರಮ್ಮನವರು ಇಂದಿಗೂ ಮಗಳ ಜೊತೆಗಿದ್ದಾರೆ. ನಲ್ಲಿಯ ಹತ್ತಿರ ತಮಿಳು, ಪಕ್ಕದ ಮನೆಯಲ್ಲಿ ತೆಲುಗು, ದಿನಸಿ ಅಂಗಡಿಯಲ್ಲಿ ಉರ್ದು ಕೇಳಿಸಿಕೊಂಡೇ ಬೆಳೆದ ಹುಡುಗಿಗೆ, ಭಾಷೆ ಎನ್ನುವುದು ಕೊಡ ತುಂಬಿಸಿಕೊಳ್ಳಲು, ಜಗಳವಾಡಲು, ರಾಜಿಯಾಗಲು ಬೇಕಾದ ವಸ್ತು ಎಂಬುದು ಶಾಲೆಗೆ ಸೇರುವ ಮೊದಲೇ ಗೊತ್ತಾಗಿತ್ತು. ಮುಂದೆ ಎಂ.ಎ. ಮುಗಿಸಿ ಉಪನ್ಯಾಸಕಿಯಾದಾಗಲೂ ಆ ತಿಳಿವಳಿಕೆ ಅವರನ್ನು ಬಿಡಲಿಲ್ಲ.

ಸಂಜೆಯ ತರಗತಿ ಯಾರೂ ಯೋಜಿಸಿ ಶುರುವಾದದ್ದಲ್ಲ. ಪುಷ್ಪಮ್ಮ ಎಂಬ ಹಳೆಯ ವಿದ್ಯಾರ್ಥಿನಿ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಸೊಂಟದ ಮೇಲೆ ಕೂಸನ್ನಿಟ್ಟುಕೊಂಡು ಬಂದು ಬಾಗಿಲಲ್ಲಿ ನಿಂತು, “ಮೇಡಂ, ಪ್ರಬಂಧ ಬರೆಯೋದು ಒಂದು ಹೇಳ್ಕೊಡಿ, ಮಿಕ್ಕಿದ್ದು ನಾನು ನೋಡ್ಕೋತೀನಿ” ಎಂದರು. ಪುಷ್ಪಮ್ಮ ಬರೆಯುವಷ್ಟು ಹೊತ್ತೂ ಜಯಶೀಲಾ ಕೂಸನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಯಲ್ಲಿ ತಿರುಗಿದರು. ಪುಷ್ಪಮ್ಮ ಪಾಸಾದ ಸುದ್ದಿ ಹಬ್ಬಿತು. ಆಮೇಲೆ ಆ ಮನೆಯ ಮುಂದೆ ಸಂಜೆ ಚಪ್ಪಲಿಗಳ ರಾಶಿ ತಪ್ಪಲಿಲ್ಲ. ಎದುರುಮನೆಯ ಹೂವಮ್ಮ ಹಂಗಿಸುವುದೂ ತಪ್ಪಲಿಲ್ಲ: “ಏನ್ ಮಾರಾಯ್ತಿ, ಹಿಂಗೆ ಒಬ್ಬೊಬ್ರನ್ನೇ ಕಳಿಸ್ತಾ ಹೋದ್ರೆ ನಾಳೆ ನಮಗೆ ಇಂಜೆಕ್ಷನ್ ಕೊಡೋರು ಯಾರು?” ಜಯಶೀಲಾ ನಗುತ್ತಿದ್ದರು, ಆದರೆ ಆ ಮಾತು ಅವರನ್ನು ಚುಚ್ಚುತ್ತಿತ್ತು. ತಾವು ಮಾಡುತ್ತಿರುವುದು ಊರಿಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಮತ್ತೆ ಮತ್ತೆ ತೂಗಿ ನೋಡುತ್ತಿದ್ದರು. ಬಾಗಿಲಿಗೆ ಬಂದವರನ್ನು ವಾಪಸು ಕಳಿಸುವುದು ಮಾತ್ರ ಅವರಿಂದಾಗಲಿಲ್ಲ.

ಹಾಗೆ ಬಂದವರಲ್ಲಿ ಯೋಗೇಶ್ ಒಬ್ಬರು. ಭದ್ರಾವತಿಯ ಫ್ಯಾಬ್ರಿಕೇಶನ್ ಶೆಡ್ಡೊಂದರಲ್ಲಿ ವೆಲ್ಡರ್. ಹೆಂಡತಿ ಸುಮನಾ, ಮಗಳು ಅಮೂಲ್ಯ. ಶೆಡ್ಡಿನಲ್ಲಿ ಕೆಲಸ ವಾರಕ್ಕೆ ಮೂರು ದಿನಕ್ಕೆ ಇಳಿದಿತ್ತು. ನ್ಯೂಜಿಲೆಂಡಿನ ಒಂದು ವರ್ಕ್‌ಶಾಪಿನವರು ವಿಡಿಯೊದಲ್ಲಿ ಅವರ ಬೆಸುಗೆಯನ್ನು ನೋಡಿ ಒಪ್ಪಿದ್ದರು. ಇಂಗ್ಲಿಷಿನ ಅಂಕ ಬಂದರೆ ಸಂಸಾರ ಸಮೇತ ಹೋಗಬಹುದಿತ್ತು. ಓದುವುದು, ಕೇಳುವುದು, ಬರೆಯುವುದು ಹೇಗೋ ದಡ ಮುಟ್ಟಿದರೂ, ಪರೀಕ್ಷಕರ ಎದುರು ಕೂತು ಮಾತಾಡುವ ಭಾಗದಲ್ಲಿ ಎರಡು ಸಲವೂ ಅಂಕ ನೆಲಕಚ್ಚಿ ಒಟ್ಟು ಅಂಕವನ್ನೂ ಎಳೆದುಕೊಂಡು ಬಿದ್ದಿತ್ತು. ದೀಪಾವಳಿಯ ತನಕ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಅಲ್ಲಿಯವರು ತಿಳಿಸಿದ್ದರು. ಉಳಿದದ್ದು ಒಂದೇ ಅವಕಾಶ.

“ನಾನು ಎಲ್ಲಾ ಹೇಳ್ದೆ ಮೇಡಂ” ಎಂದರು ಯೋಗೇಶ್. “ಪ್ರಶ್ನೆ ಕೇಳ್ತಿದ್ದ ಆ ಅಮ್ಮನಿಗೆ ಅರ್ಥಾನೂ ಆಯ್ತು, ತಲೆ ಆಡಿಸ್ತಿದ್ರು. ಆದ್ರೂ ಮಾರ್ಕ್ಸ್ ಕೊಟ್ಟಿಲ್ಲ.”

ಜಯಶೀಲಾ ಮೊದಲು ಎಲ್ಲ ಮೇಷ್ಟರುಗಳಂತೆ ಪದಗಳನ್ನು ಬಾಯಿಪಾಠ ಮಾಡಿಸಿದರು, ಕಾಲ-ವಚನಗಳನ್ನು ತಿದ್ದಿದರು. ವಾರಗಳು ಉರುಳಿದರೂ ಯೋಗೇಶ್ ಪ್ರತಿ ವಾಕ್ಯವನ್ನೂ ಅರ್ಧಕ್ಕೆ ಬಿಡುತ್ತಿದ್ದರು. ಒಂದು ಸಂಜೆ, ಗೇಟಿಗೆ ಕೀಲು ಕೂರಿಸುವುದು ಹೇಗೆಂದು ಅವರು ವಿವರಿಸುತ್ತಿದ್ದಾಗ ಜಯಶೀಲಾಗೆ ಎಲ್ಲವೂ ಅರ್ಥವಾಯಿತು. ಅರ್ಥವಾದ ಮೇಲೆ, ಕಿವಿಗೆ ಬಿದ್ದದ್ದು ನಾಲ್ಕೇ ಶಬ್ದ ಎಂಬುದು ಹೊಳೆಯಿತು. ಉಳಿದದ್ದನ್ನೆಲ್ಲ ಯೋಗೇಶ್ ಕೈಯಲ್ಲಿ ಹೇಳಿದ್ದರು. ಹಿಡಿ, ಎತ್ತು, ಇನ್ನು ಸ್ವಲ್ಪ, ಸಾಕು, ಓರೆಯಾಯಿತು. ಕಿವಿಗಡಚಿಕ್ಕುವ ಶೆಡ್ಡಿನಲ್ಲಿ ಹದಿಹರೆಯದಿಂದಲೂ ದುಡಿದ ಮನುಷ್ಯ ಮತ್ತೆ ಹೇಗೆ ತಾನೇ ಮಾತಾಡಬೇಕು? ತಮ್ಮ ತಂದೆ ಏಕಾಂತಪ್ಪನವರೂ ಊಟಕ್ಕೆ ಕೂತು ಎರಡು ಬೆರಳು ಚಿಟಿಕೆ ಮಾಡಿ ಉಪ್ಪು ಕೇಳುತ್ತಿದ್ದದ್ದು, ಅದನ್ನು ಮನೆಯವರು ಮೌನಸ್ವಭಾವವೆಂದೇ ತಿಳಿದದ್ದು ಅವರಿಗೆ ನೆನಪಾಯಿತು. ಪರೀಕ್ಷೆಯಲ್ಲಿಯಾದರೋ ಬಾಯಿಂದ ಬಂದ ಇಂಗ್ಲಿಷಿಗಷ್ಟೇ ಅಂಕ.

ಮರುದಿನ ಅವರು ಯೋಗೇಶರನ್ನು ಅಡುಗೆಮನೆಯ ಹೊಸ್ತಿಲ ಬಳಿ ಕೂರಿಸಿ, ತಾವು ಬೆನ್ನು ತಿರುಗಿಸಿ ಒಲೆಯ ಮುಂದೆ ನಿಂತರು. “ಅಕ್ಕಿರೊಟ್ಟಿ ಮಾಡಬೇಕು. ಇಂಗ್ಲಿಷಲ್ಲಿ ನೀನು ಹೇಳು. ಹೇಳಿದಷ್ಟೇ ಮಾಡ್ತೀನಿ, ತಿರುಗಿ ನೋಡಲ್ಲ.”

“ಪುಟ್ ವಾಟರ್” ಎಂದರು ಯೋಗೇಶ್.

ಜಯಶೀಲಾ ಹಿಟ್ಟಿಗೆ ನೀರು ಹುಯ್ಯತೊಡಗಿದರು. ಹುಯ್ಯುತ್ತಲೇ ಹೋದರು. ಮೂಲೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಬಂಗಾರಮ್ಮನವರಿಗೆ ನಗು ತಡೆಯಲಾಗಲಿಲ್ಲ. “ಅಯ್ಯೋ ಜಯಾ, ತಿರುಗಿ ನೋಡೇ! ಪಾಪ, ಎರಡೂ ಕೈಯಲ್ಲಿ ಸಾಕು ಸಾಕು ಅಂತಿದಾನೆ. ಇವನ ಕೈಗೆ ಎಷ್ಟು ಚೆನ್ನಾಗಿ ಇಂಗ್ಲಿಷ್ ಬರುತ್ತೆ ನೋಡು!”

“ನೋಡಲ್ಲಮ್ಮ. ಬಾಯಿ ಬಿಟ್ಟು ಹೇಳ್ಲಿ.”

“ಸ್ಟಾಪ್ ಮೇಡಂ! ಸ್ಟಾಪ್!”

ಅಂದು ಎಲ್ಲರೂ ಗಂಜಿ ಕುಡಿದರು. ಆಮೇಲೆಯೂ ಕೆಲವು ಸಂಜೆ ರೊಟ್ಟಿ ಕರಕಲಾಯಿತು, ಒಮ್ಮೆ ಉಪ್ಪೇ ಬೀಳಲಿಲ್ಲ. ಬಂಗಾರಮ್ಮನವರು, “ನೀನು ಬೇಗ ಪಾಸಾಗು ಮಗಾ, ನಮ್ಮ ಹೊಟ್ಟೆ ಕೆಡ್ತಿದೆ” ಎಂದು ಗೋಳಾಡಿದರು. ಆದರೆ ಎಷ್ಟು ನೀರು, ಎಷ್ಟು ಬಿಸಿ, ಯಾವಾಗ ಮಗುಚಬೇಕು, ಯಾಕೆ ಈಗಲೇ ಬೇಡ ಎಂಬುದೆಲ್ಲ ಮೆಲ್ಲಗೆ ಯೋಗೇಶರ ಬಾಯಿಗೆ ಬಂತು. ತಪ್ಪು ಇಂಗ್ಲಿಷಿಗೆ ಜಯಶೀಲಾ ಸಿಡುಕಲಿಲ್ಲ. ಅರ್ಧಕ್ಕೆ ಬಿಟ್ಟ ಮಾತಿಗೆ ಮಾತ್ರ ಕದಲದೆ ನಿಂತರು. ಗೋಡೆಯ ಕಡೆ ಮುಖ ಮಾಡಿ ಒಬ್ಬರು ಇಷ್ಟು ಗಮನವಿಟ್ಟು ತನ್ನ ಮಾತು ಕೇಳಿದ್ದು ತನ್ನ ಜೀವನದಲ್ಲೇ ಮೊದಲು ಎಂದು ಯೋಗೇಶ್ ಹೆಂಡತಿ ಸುಮನಾ ಹತ್ತಿರ ಹೇಳಿದರಂತೆ.

ಬೆಂಗಳೂರಿನಲ್ಲಿ ಪರೀಕ್ಷೆ ಮುಗಿಸಿ ಬಸ್‌ಸ್ಟ್ಯಾಂಡಿನಿಂದಲೇ ಅವರು ಫೋನು ಮಾಡಿದರು. “ಮೇಡಂ, ನಿಮ್ಮೂರಲ್ಲಿ ನಿಮಗೆ ಹಿಡಿಸದ ಸದ್ದು ಯಾವ್ದು ಅಂತ ಕೇಳಿದ್ರು.”

“ಹಾರನ್ ಅಂದ್ಯಾ?”

“ಇಲ್ಲ ಮೇಡಂ. ಸದ್ದೇ ಇಲ್ಲದ್ದು ಅಂದೆ. ಕೆಲಸ ಇಲ್ಲದ ದಿನ ಶೆಡ್ಡಲ್ಲಿ ಪಾರಿವಾಳದ ರೆಕ್ಕೆ ಬಡಿಯೋದು ಕೇಳುತ್ತೆ, ಅದು ನನಗೆ ಆಗಲ್ಲ ಅಂತ ಹೇಳ್ದೆ. ಹೇಳ್ತಾ ಹೋದೆ. ಕೊನೆಗೆ ಅವರೇ ನಿಲ್ಲಿಸಿದ್ರು.”

“ಊಟ ಮಾಡ್ಕೊಂಡು ಬಸ್ ಹತ್ತು ಮಾರಾಯ” ಎಂದರು ಜಯಶೀಲಾ.

ಅಂಕ ಬಂತು, ಬೇಕಾದಷ್ಟೇ ಬಂತು, ಒಂದು ಕೂದಲೆಳೆಯೂ ಹೆಚ್ಚಲ್ಲ. ದೀಪಾವಳಿ ಇನ್ನೂ ದೂರವಿತ್ತು. ಹೊಸ ವರ್ಷದ ಹೊತ್ತಿಗೆ ಮೂವರೂ ಹೊರಟರು. ಹೂವಮ್ಮನವರು, “ಮತ್ತೊಂದು ಮನೆ ಖಾಲಿ ಮಾಡಿಸ್ದೆ ನೀನು” ಎಂದರು; ಎಂದು, ಅಮೂಲ್ಯಳ ಕೈಗೆ ಚಕ್ಕುಲಿಯ ಡಬ್ಬಿ ಇಟ್ಟರು.

ಈ ಅಂಕಗಳ ನಿಯಮ ನ್ಯಾಯವೇ, ಬೆಸುಗೆ ಹಾಕುವವನಿಗೆ ಇಷ್ಟೊಂದು ಇಂಗ್ಲಿಷ್ ಯಾಕೆ ಎಂದು ಜಯಶೀಲಾ ಅವರೊಡನೆ ವಾದಿಸಿದವರು ಬಹಳ. ಹಿಂದೆಲ್ಲ ಅವರೂ ಹೌದೆನ್ನುತ್ತಿದ್ದರು. ಒಂದು ಮುಂಜಾನೆ ನ್ಯೂಜಿಲೆಂಡಿನಿಂದ ಬಂದ ಕರೆಯಾದ ಮೇಲೆ ಹೌದೆನ್ನುವುದನ್ನು ಬಿಟ್ಟರು. ಅಮೂಲ್ಯಳಿಗೆ ಉಸಿರು ಸಿಕ್ಕಿಕೊಂಡಿತ್ತು. ಗಾಡಿಯಿಲ್ಲ, ಅಕ್ಕಪಕ್ಕದವರ ಪರಿಚಯವಿಲ್ಲ. ಸುಮನಾ ಮಗುವನ್ನು ಅಪ್ಪಿ ಕೂತಿದ್ದರೆ, ಯೋಗೇಶ್ ಆಂಬುಲೆನ್ಸಿನವರಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದರು: ಯಾವಾಗ ಶುರುವಾಯಿತು, ತುಟಿಯ ಬಣ್ಣ ಹೇಗಿದೆ, ಏನು ತಿಂದಿದ್ದಳು, ರಸ್ತೆಯ ಯಾವ ತಿರುವಿನಲ್ಲಿ ಮನೆ. ಮಗು ಈಗ ಆಸ್ಪತ್ರೆಯಲ್ಲಿ ನಿದ್ದೆ ಮಾಡುತ್ತಿದೆ, ಗಂಡಾಂತರ ಕಳೆಯಿತು ಎಂದು ತಿಳಿಸಲು ಆ ಕರೆ.

“ಒಂದೂ ಬಿಡ್ಲಿಲ್ಲ ಮೇಡಂ. ಪೂರ್ತಿ ಹೇಳ್ದೆ” ಎಂದು ಯೋಗೇಶ್ ಅತ್ತರು.

ಜಯಶೀಲಾ ಮೇಡಂ ಅವರ ಸೇವಾವಧಿಯ ಪ್ರಶಸ್ತಿಪತ್ರಗಳಲ್ಲಿ ಈ ಸಂಗತಿ ಇರಲಾರದು. ಅದಕ್ಕೆಂದೇ ಈ ಅಭಿನಂದನ ಸಂಪುಟದಲ್ಲಿ ಇರಲಿ. ಕಾಲೇಜು ಅವರನ್ನು ಬೀಳ್ಕೊಡುತ್ತಿದೆಯೇ ಹೊರತು ಕಲಿಯಬೇಕಾದವರು ಬೀಳ್ಕೊಟ್ಟಿಲ್ಲ. ಮುಂದಿನ ವಾರಕ್ಕೆ ಆಗಲೇ ಇಬ್ಬರು ನರ್ಸುಗಳು ಹೇಳಿಹೋಗಿದ್ದಾರೆ. ಬಂಗಾರಮ್ಮನವರ ನಗು ಅವರ ಮನೆಯಲ್ಲಿ ಬಹುಕಾಲ ಇರಲಿ. ಜಯಶೀಲಾ ಅವರ ಮೊಣಕಾಲಿಗೆ ಬಲವೂ ಕಣ್ಣಿಗೆ ನೆಮ್ಮದಿಯ ನಿದ್ದೆಯೂ ದೊರೆಯಲಿ. ಭಯದ ಗಳಿಗೆಯಲ್ಲಿ ತಮ್ಮ ಮಕ್ಕಳಿಗಾಗಿ ಬಾಯಿ ತೆರೆದು ಮಾತಾಡಬಲ್ಲ ತಂದೆತಾಯಿಗಳು ಅವರ ಮನೆಯಿಂದ ಇನ್ನೂ ಹತ್ತಾರು ವರ್ಷ ಹೊರಡುತ್ತಿರಲಿ.