ಅಪ್ಪನ ಜೇಬಿನ ದಪ್ಪ ತಂತಿ

ನಮ್ಮಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಶೆಡ್ಡಿಗೆ ಬರುವ ಗಿರಾಕಿಗಳೆಲ್ಲ ಹೇಳುತ್ತಾರೆ. ಹೇಳಲಿ. ಅವಳ ಜಾಗದಲ್ಲಿ ಅವರಿದ್ದಿದ್ದರೆ ಮೂಗೇ ಉಳಿಯುತ್ತಿರಲಿಲ್ಲ. ಕಾರುಗಳ ವೈರಿಂಗ್ ಅವಳ ಕೆಲಸ. ಬೆನ್ನ ಹಿಂದೆ ಅವಳನ್ನು ಎಲ್ಲರೂ ಕರೆಂಟಕ್ಕ ಎನ್ನುತ್ತಾರೆ, ಎದುರಿಗೆ ಅನ್ನುವ ಧೈರ್ಯ ಯಾರಿಗೂ ಇಲ್ಲ. ಎಂಜಿನ್ ಅಪ್ಪನದು. ಡೊಂಕು ತೆಗೆದು ಬಣ್ಣ ಹೊಡೆಯುವುದು ನನ್ನದು. ಮೂವರೂ ಒಂದೇ ತಗಡಿನ ಸೂರಿನಡಿ ದಿನವಿಡೀ ಇರುತ್ತೇವೆ, ಒಬ್ಬರ ಮಾತು ಒಬ್ಬರು ಕೇಳುವುದಿಲ್ಲ.

ಮದುವೆಯಾದ ಹೊಸದರಲ್ಲಿ ಗಂಡನ ಮನೆಯವರು, ಕೈಗೆ ಮಸಿ ಹತ್ತಿದ ಸೊಸೆ ನಮಗೆ ಬೇಡ ಎಂದರಂತೆ. "ನನಗೂ ನೀವು ಬೇಡ" ಎಂದು ಟೂಲ್ ಪೆಟ್ಟಿಗೆ ಎತ್ತಿಕೊಂಡು ಬಂದವಳು ಅಕ್ಕ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು, ಬೋರಲು ಹಾಕಿದ ಡಬ್ಬದ ಮೇಲೆ ಕೂರುತ್ತಾಳೆ. ಯಾವ ವೈರನ್ನಾದರೂ ಮೊದಲು ಮೂಗಿಗೆ ಹಿಡಿದು ಮೂಸುತ್ತಾಳೆ, ಆಮೇಲೆ ಮೀಟರು. ಬೆಸುಗೆ ಹಾಕಿದ ಮೇಲೆ ತನ್ನ ಕೆಲಸವನ್ನೇ ನಂಬದೆ ಜಗ್ಗಿ ಜಗ್ಗಿ ನೋಡುತ್ತಾಳೆ. ಅಪ್ಪ ಇದ್ದಾರಲ್ಲ, ಅವರು ತಮ್ಮ ಕೆಲಸವನ್ನು ಒಮ್ಮೆಯೂ ಜಗ್ಗಿ ನೋಡಿದವರಲ್ಲ.

ಹಳೆಯ ಕಾರುಗಳಲ್ಲಿ ಬ್ಯಾಟರಿಯ ಪಕ್ಕ ಗೇಣುದ್ದದ ಒಂದು ತಂತಿ ಇರುತ್ತದೆ. ಫ್ಯೂಸಿಬಲ್ ಲಿಂಕ್ ಅಂತ. ಅದರ ಮುಂದಿನ ವೈರಿಗಿಂತ ಬೇಕೆಂದೇ ತೆಳ್ಳಗೆ ಮಾಡಿರುತ್ತಾರೆ. ಎಲ್ಲಾದರೂ ಶಾರ್ಟ್ ಆದರೆ ಮೊದಲು ಇದು ಕರಗಿ ತುಂಡಾಗಬೇಕು, ಉಳಿದ ವೈರಿಂಗ್ ಬದುಕಬೇಕು. ನೋಡುವುದಕ್ಕೆ ಮಾಮೂಲಿ ವೈರೇ. ಅಪ್ಪನ ಲೆಕ್ಕದಲ್ಲೂ ಮಾಮೂಲಿ ವೈರೇ. ಲಿಂಕು ಸುಟ್ಟುಕೊಂಡು ಯಾವ ಗಾಡಿ ಬಂದರೂ, "ಈ ಕಂಪನಿಯವರಿಗೆ ಬುದ್ಧಿ ಎಲ್ಲಿದೆ? ಇಂಥ ಜಾಗದಲ್ಲಿ ಕಡ್ಡಿಯಂಥ ವೈರ್ ಹಾಕ್ತಾರೆ" ಎಂದು ಬೈದು, ಪ್ಯಾಂಟಿನ ಜೇಬಿನಿಂದ ದಪ್ಪ ತಾಮ್ರದ ತಂತಿ ತೆಗೆದು ಅಲ್ಲಿ ಸುತ್ತಿಬಿಡುವುದು. ಆ ಸುರುಳಿ ಸದಾ ಜೇಬಿನಲ್ಲೇ. ಅಮ್ಮ ನಡೆದಾಡುತ್ತಿದ್ದ ಕಾಲದಲ್ಲಿ, ಬಟ್ಟೆ ಒಗೆಯುವಾಗ ಅವಳ ಬೆರಳಿಗೆ ಅದು ಚುಚ್ಚದ ವಾರವಿರಲಿಲ್ಲ.

ಸ್ಕೂಲ್ ವ್ಯಾನಿನ ಡ್ರೈವರ್ ಒಬ್ಬ ಬರುತ್ತಿದ್ದ. ಅವನ ವ್ಯಾನಿಗೂ ಅಪ್ಪನದೇ ತಂತಿ. ಬಂದಾಗಲೆಲ್ಲ ಬಾನೆಟ್ ಎತ್ತಿ ಅಕ್ಕನಿಗೆ ತೋರಿಸುವನು.

"ನೋಡಮ್ಮ, ನಿಮ್ಮಪ್ಪನ ಕೈಗುಣ! ಇವತ್ತಿನವರೆಗೂ ಒಂದ್ಸಲನಾದ್ರೂ ಹೋಗಿದ್ಯಾ?"

"ಹೋಗೋದೇ ಅಣ್ಣ ಅದರ ಕೆಲಸ! ಹೋಗ್ದೇ ಇದ್ರೆ ಗಾಡಿ ಹೋಗತ್ತೆ. ಒಂದರ್ಧ ದಿನ ಬಿಟ್ಟು ಹೋಗಿ, ಫ್ಯೂಸ್ ಹಾಕ್ಕೊಡ್ತೀನಿ."

ಅವನು ಅಪ್ಪನ ಕಡೆ ನೋಡಿ ಕಣ್ಣು ಮಿಟುಕಿಸುವನು. ಅಪ್ಪ ಹೊಟ್ಟೆ ಹಿಡಿದು ನಗುವರು. ಅಕ್ಕ ಹಲ್ಲು ಕಡಿಯುವಳು. ಇದು ಎಷ್ಟು ಸಲ ನಡೆಯಿತೋ.

ನಮ್ಮ ಮನೆಯ ಕಾರಿಗೂ ಅದೇ ತಂತಿ. ಅಮ್ಮನ ಕಾಲುಗಳಲ್ಲಿ ಬಲ ಹೋಗಿ ಆಗಲೇ ಬಹಳ ಕಾಲವಾಗಿತ್ತು. ವಾರಕ್ಕೊಮ್ಮೆ ಅವಳನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗುತ್ತಿದ್ದೆವು. ಹಿಂದಿನ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ತೆರೆದರೂ ಅವಳು ಇಳಿಯಲಾರಳು. ಈ ಎರಡು ಮಾತು ನೆನಪಾದಾಗಲೆಲ್ಲ ಅಕ್ಕ ಅಪ್ಪನ ಮೇಲೆ ಹರಿಹಾಯುತ್ತಿದ್ದಳು.

ಒಂದು ಸಲ ಆಸ್ಪತ್ರೆಯಿಂದ ಬಂದು ಅಮ್ಮ ಅಂದಳು, "ಗಾಡಿಯೊಳಗೆ ಏನೋ ಸುಟ್ಟ ವಾಸನೆ ಬರ್ತಿದೆ ರೀ."

"ನಿನ್ನ ಮೂಗೇ ಸುಟ್ಟಿರಬೇಕು ನೋಡ್ಕೋ" ಎಂದರು ಅಪ್ಪ.

ಅಕ್ಕ ಊಟದ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. "ಕೀ ಕೊಡಿ. ಆ ತಂತಿ ಕಿತ್ತು ಫ್ಯೂಸ್ ಹಾಕ್ತೀನಿ."

"ನನ್ನ ಗಾಡಿಗೆ ನೀನು ಕೈ ಹಾಕ್ಬೇಡ. ನೀನು ಹುಟ್ಟೋಕೆ ಮುಂಚೆ ನಾನು ಸ್ಪ್ಯಾನರ್ ಹಿಡಿದೋನು."

"ಅದೇ ಆಗಿರೋ ತೊಂದ್ರೆ!"

ಆವತ್ತು ಮನೆಯಲ್ಲಿ ಹಾರಾಡದ ಮಾತಿಲ್ಲ. ಅಪ್ಪ ಕೋಪಿಸಿಕೊಂಡು ಹೋಗಿ ಮಲಗಿದ ಮೇಲೆ ಅಮ್ಮ ಅವರ ಅಂಗಿಯ ಜೇಬಿನಿಂದ ನನ್ನ ಕೈಲಿ ಕೀ ತೆಗೆಸಿ ಅಕ್ಕನ ಕೈಗೆ ಕೊಟ್ಟಳು. ಅಕ್ಕ ಬ್ಯಾಟರಿ ಬಿಚ್ಚಿ, ತಂತಿ ಕಿತ್ತು ಬಿಸಾಕಿ, ವೈರಿನ ದಪ್ಪ ಅಳೆದು ಅದು ತಡೆಯುವಷ್ಟಕ್ಕೇ ಸರಿಯಾದ ಫ್ಯೂಸನ್ನು ಮುಚ್ಚಳವಿರುವ ಹೋಲ್ಡರಿನಲ್ಲಿ ಕೂರಿಸಿದಳು. ಜಗ್ಗಿ ನೋಡಿದಳು. ಬೆಳಿಗ್ಗೆ ಎದ್ದ ಅಪ್ಪನ ಮುಂದೆ ನಿಂತು, "ವಾಸನೆ ಎಲ್ಲಿಂದ ಬರ್ತಿದೆ ಅಂತ ಇನ್ನೂ ಗೊತ್ತಾಗಿಲ್ಲ. ಸಂಜೆ ಹಿಂದಿನ ಸೀಟ್ ಬಿಚ್ಚಿ ನೋಡ್ತೀನಿ. ಅಲ್ಲೀವರೆಗೂ ಗಾಡಿ ತೆಗೀಬೇಡಿ" ಎಂದು ಹೇಳಿ ಶೆಡ್ಡಿಗೆ ಹೋದಳು.

ಅಪ್ಪ ತೆಗೆದರು. ಜಗಮೊಂಡ ಎಂದರೆ ನಮ್ಮಪ್ಪ. ಇನ್ನೊಂದು ಕೀ ಹುಡುಕಿ ತೆಗೆದು, "ವಾಸನೆ ಎಲ್ಲಿದೆ ತೋರಿಸು ಬಾ" ಎಂದು ಅಮ್ಮನನ್ನು ಎತ್ತಿ ಕೂರಿಸಿದರು. ಅಕ್ಕ ಬೇಡ ಅಂದಿದ್ದಾಳಲ್ಲ ಎಂದು ನಾನು ಅಂದದ್ದಕ್ಕೆ, "ಹತ್ತೋದಾದ್ರೆ ಹತ್ತು, ಇಲ್ಲಾಂದ್ರೆ ದಾರಿ ಬಿಡು" ಎಂದರು. ಅಮ್ಮನನ್ನು ಒಬ್ಬಳೇ ಬಿಡಲಾರದೆ ಹತ್ತಿದೆ.

ಅಂಗಡಿ ಬೀದಿಯ ರೋಡ್ ಹಂಪ್ ಹತ್ತಿ ಇಳಿದದ್ದೇ ತಡ, ಗಾಡಿ ಸತ್ತಿತು. ಬಾನೆಟ್ ಎತ್ತಿ ನೋಡಿದರೆ ಫ್ಯೂಸ್ ಹೋಗಿದೆ. ಅಪ್ಪನಿಗೆ ಹಬ್ಬವೇ ಆಯಿತು.

"ನೋಡ್ದಾ? ನೋಡ್ದಾ ನಿಮ್ಮಕ್ಕನ ಕೆಲಸ? ನಡುಬೀದೀಲಿ ಕೈ ಕೊಡ್ತು!" ಎನ್ನುತ್ತ ಜೇಬಿಗೆ ಕೈ ಹಾಕಿ ತಂತಿಯ ಸುರುಳಿ ತೆಗೆದರು.

ನಾನು ಅಕ್ಕನಿಗೆ ಫೋನ್ ಮಾಡಿದೆ. "ತಂತಿ ಹಾಕೋಕೆ ಬಿಡ್ಬೇಡ! ಬಂದೆ!" ಎಂದು ಅವಳು ಕಿರುಚಿದ್ದು ಹಿಂದಿನ ಸೀಟಿಗೂ ಕೇಳಿಸಿತು.

ಅಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ರೀ, ಅದನ್ನ ಹಾಕೋದಾದ್ರೆ ನಾನು ಇಳೀತೀನಿ."

"ಇಳಿದು ಎಲ್ಲಿಗೆ ಓಡ್ತೀಯಾ?" ಎಂದರು ಅಪ್ಪ.

ಆ ಮಾತಿಗೆ ಇವತ್ತಿಗೂ ನಾನು ಅವರನ್ನು ಕ್ಷಮಿಸಿಲ್ಲ. ಬಾಗಿಲು ತೆರೆದು ಅಮ್ಮನನ್ನು ಎತ್ತಿಕೊಂಡು ಹೋಗಿ, ಬಾಗಿಲು ಹಾಕಿದ್ದ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂರಿಸಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಕಾರನ್ನೇ ನೋಡುತ್ತ ಕುಳಿತಳು.

ಬೇಡ ಅಪ್ಪ ಎಂದು ನಾನು ಕೂಗುತ್ತ ಬರುವಷ್ಟರಲ್ಲಿ ಅವರು ಫ್ಯೂಸಿನ ಜಾಗಕ್ಕೆ ತಂತಿ ಸುತ್ತಿ ಆಗಿತ್ತು. ಸೀಟಿಗೆ ಕೂತು ಕೀ ತಿರುಗಿಸಿದರು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತೂ ಆಗಲಿಲ್ಲ, ಹಿಂದಿನ ಸೀಟಿನ ಕೆಳಗಿನಿಂದ ಕಪ್ಪು ಹೊಗೆ ಎದ್ದಿತು. ಅಮ್ಮ ಕೂತಿದ್ದ ಜಾಗದಿಂದಲೇ. ಬ್ಯಾಟರಿಯ ಕೇಬಲನ್ನು ಬರಿಗೈಯಲ್ಲಿ ಕಿತ್ತು ಎಳೆದೆ. ಅಪ್ಪ ಕೆಮ್ಮುತ್ತ ಹೊರಗೆ ಬಿದ್ದರು.

ಅಕ್ಕ ಯಾರದೋ ಸ್ಕೂಟರಿನ ಹಿಂದೆ ಕೂತು ಬಂದಳು. ಯಾರನ್ನೂ ಬೈಯಲಿಲ್ಲ. ಮೊದಲು ಅಮ್ಮನ ಮೈ ಕೈ ಮುಟ್ಟಿ ನೋಡಿದಳು. ಆಮೇಲೆ ಸೀಟು ಬಿಚ್ಚಿ ರಸ್ತೆಗೆ ಎಳೆದು ಹಾಕಿದಳು. ಪೆಟ್ರೋಲ್ ಪಂಪಿಗೆ ಹೋಗುವ ವೈರು ಸೀಟಿನ ಕಬ್ಬಿಣಕ್ಕೆ ಉಜ್ಜಿ ಉಜ್ಜಿ ಸವೆದು ಅಲ್ಲೇ ಬೆಸೆದುಕೊಂಡಿತ್ತು. ಅಲ್ಲಿಂದ ಬ್ಯಾಟರಿಯ ಕಡೆಗೆ ಮೊಳಗಟ್ಟಲೆ ಕರಕಲು. ಸೀಟಿನ ಅಡಿಯ ಸ್ಪಂಜು ಕಪ್ಪಾಗಿತ್ತು. ಹೊಸ ಕಪ್ಪಿನ ಪಕ್ಕ ಹಳೆಯ ಕಪ್ಪೂ ಇತ್ತು.

ಅಕ್ಕ ಆ ಸ್ಪಂಜಿನ ತುಂಡನ್ನು ಮೂಸಿ, ಅಪ್ಪನ ಮೂಗಿಗೆ ಹಿಡಿದಳು. "ಅಮ್ಮನ ಮೂಗು ಸುಟ್ಟಿತ್ತಾ ಅಪ್ಪ?"

ಮೆಟ್ಟಿಲ ಮೇಲಿಂದ ಅಮ್ಮ ಕೇಳಿದಳು, "ಇಷ್ಟು ವರ್ಷ ನನ್ನನ್ನ ಇದರ ಮೇಲೆ ಕೂರಿಸಿದ್ರಾ?" ಅಪ್ಪನ ಮುಖದಲ್ಲಿ ರಕ್ತವಿರಲಿಲ್ಲ. ನನಗೆ ಕನಿಕರ ಬರಬೇಕಿತ್ತೇನೋ, ಬರಲಿಲ್ಲ.

"ಇದೊಂದೇ ಗಾಡಿ ಅಲ್ವಲ್ಲ" ಎಂದಳು ಅಕ್ಕ. "ಇನ್ನೂ ಯಾವ್ಯಾವ ಗಾಡಿಗೆ ಸುತ್ತಿದ್ದೀರಿ? ಹೇಳಿ!"

ಅಪ್ಪ ಬೆರಳು ಮಡಚಲು ಶುರು ಮಾಡಿದರು. ಒಂದು ಕೈ ಮುಗಿಯಿತು, ಇನ್ನೊಂದು ಕೈ ಮುಗಿಯಿತು. ಮತ್ತೆ ಮೊದಲನೆಯ ಕೈಗೆ ಬಂದು ನಿಂತುಬಿಟ್ಟರು.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಹಾರ್ನ್ ಕೇಳಿಸಿತು. ಅದೇ ಸ್ಕೂಲ್ ವ್ಯಾನ್. ಕಿಟಕಿಯ ತುಂಬ ಮಕ್ಕಳ ಕೈಗಳು, ನೀರಿನ ಬಾಟಲಿಗಳು. ರೋಡ್ ಹಂಪಿನ ಕಡೆಗೆ ಬರುತ್ತಿತ್ತು. ಏನಾಯಿತೆಂದು ನಮಗೆ ತಿಳಿಯುವ ಮೊದಲೇ ಅಪ್ಪ ಓಡಿದ್ದರು. ಎರಡೂ ಕೈ ಮೇಲೆತ್ತಿಕೊಂಡು ರಸ್ತೆಯ ನಟ್ಟನಡುವೆ ನಿಂತರು. ವ್ಯಾನು ಅವರ ಮೊಣಕಾಲಿಗೆ ತಾಗುವಷ್ಟು ಹತ್ತಿರ ಬಂದು, ಕಿರ್ರೆಂದು ನಿಂತಿತು.

"ಸಾಯೋಕೆ ನನ್ನ ಗಾಡೀನೇ ಬೇಕಿತ್ತಾ?" ಎಂದು ಡ್ರೈವರ್ ತಲೆ ಹೊರಹಾಕಿ ಬೈದ. ಆಮೇಲೆ ಗುರುತು ಹಿಡಿದು, "ಅಯ್ಯೋ ಯಜಮಾನ್ರೇ, ನೀವಾ?" ಎಂದ.

ಅಪ್ಪ ಬಾನೆಟ್ಟಿನ ಮೇಲೆ ಎರಡೂ ಅಂಗೈ ಊರಿ ನಿಂತಿದ್ದರು. "ಮಕ್ಕಳನ್ನ ಇಳಿಸು" ಎಂದರು. "ಮೊದ್ಲು ಮಕ್ಕಳನ್ನ ಇಳಿಸೋ!"