ಮಂಡಿಗೆ ವಿಭೂತಿ ಬಳಿದುಕೊಂಡ ರೋಬೋ

ಗೆಳೆಯರೇ, ಎತ್ತಿನ ಕೊಂಬಿಗೆ ಬಣ್ಣ ಹೊಡೆಯುವುದರಲ್ಲಿ ಕೊಳ್ಳೇಗಾಲದ ಸುತ್ತಮುತ್ತ ನನ್ನನ್ನು ಮೀರಿಸುವವರಿಲ್ಲ. ಆ ಧೈರ್ಯದಲ್ಲೇ ಇವತ್ತು ಅಕ್ಕನ ಮಗಳು ಗೌರಿಯ ರೋಬೋ ಗೊಂಬೆಗೆ ಕೈ ಹಾಕಿದೆ. ಮಡಚಿದರೆ ಲಾರಿ, ಬಿಡಿಸಿದರೆ ಎದ್ದು ನಿಲ್ಲುವ ಮನುಷ್ಯ. ಅವಳು ಕೂಡಿಟ್ಟಿರುವ ರೋಬೋಗಳಲ್ಲೆಲ್ಲ ಇದೇ ಮುದ್ದು. ಲಾರಿ ಓಡಿಸುವ ಅವಳಪ್ಪ ಮನೆಗೆ ಬರುವುದು ಅಪರೂಪ. ಗೊಂಬೆಗೆ ಅಪ್ಪನ ಲಾರಿಯ ಬಣ್ಣವೇ ಬೇಕೆಂದು ಅವಳ ಹಟ.

ಲಾರಿಯಾಗಿ ಮಡಚಿಟ್ಟು ಕೆಂಪು ಬಳಿದೆ, ಹಳದಿ ಪಟ್ಟಿ ಎಳೆದೆ, ಬೆಟ್ಟದ ಮಾದಪ್ಪನ ಹೆಸರು ಹೇಳಿ ಮೂತಿಗೆ ಮೂರು ಗೆರೆ ವಿಭೂತಿಯನ್ನೂ ಬರೆದೆ. ಒಣಗಿದ ಮೇಲೆ ಗೌರಿ ಅದನ್ನು ಬಿಡಿಸಿ ನಿಲ್ಲಿಸಿದಳು. ಲಾರಿಯ ಮೂತಿ ಎರಡಾಗಿ ಸೀಳಿ ರೋಬೋವಿನ ಮಂಡಿಗಳಾದವು!

"ಮಾವ, ಮಂಡಿಗ್ಯಾರಾದ್ರೂ ಇಬೂತಿ ಬಳೀತಾರಾ?"

"ಬೆಟ್ಟದಲ್ಲಿ ಮಂಡಿಯೂರಿ ಕೈ ಮುಗ್ದವ್ನೆ, ಅಂಟ್ಕಂಡದೆ ಕಣವ್ವ," ಎಂದು ಬುರುಡೆ ಬಿಟ್ಟೆ.

ಅವಳು ಗೊಂಬೆಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. "ನಮ್ಮಪ್ಪ ಬೇಗ್ನೆ ಬರ್ಲಿ ಅಂತ ಕೇಳ್ಕಂಡಿರ್ತಾನೆ, ಬುಡು. ಅಳಿಸ್ಬ್ಯಾಡ."

ನನ್ನ ಕಣ್ಣು ಒದ್ದೆಯಾಗಿದ್ದು ಪೇಂಟಿನ ವಾಸನೆಗೆ. ಅಷ್ಟರಲ್ಲಿ ತೀರ್ಪು ಬಂತು: "ಬಣ್ಣಕ್ಕೆ ಹತ್ತಕ್ಕೆ ಆರು, ಮಾವ."

ಊರ ಶಾಲೆಯಿಂದ ಇಲ್ಲಿಯವರೆಗೆ ನನಗೆ ಸಿಕ್ಕ ಅಂಕಗಳಲ್ಲಿ ಇದೇ ಹೆಚ್ಚು. ಅದಕ್ಕೇ ಎಲ್ಲರಿಗೂ ಹೇಳುತ್ತಿದ್ದೇನೆ.