ಮಲಗಲು ಬಿಡದವಳು

ನರ್ಸ್ ಕೆಲಸದಲ್ಲೇ ಕೂದಲು ಹಣ್ಣಾಯಿತು. ಈಗೀಗ ಡ್ಯೂಟಿ ಅಂದರೆ ಮೊದಲು ಕಾಲು ನೋಯುತ್ತದೆ, ಆಮೇಲೆ ಮನಸ್ಸು. ಎಷ್ಟೋ ರೋಗಿಗಳ ಮುಖ ಮರೆತಿದ್ದೇನೆ. ತರೀಕೆರೆ ಆಸ್ಪತ್ರೆಯ ಆ ಒಂದು ಮಧ್ಯಾಹ್ನ ಮಾತ್ರ ಬಿಟ್ಟುಹೋಗಲೊಲ್ಲದು.

ಅಜ್ಜಂಪುರದ ಕಡೆಯ ಈರುಳ್ಳಿ ಬೆಳೆಗಾರನೊಬ್ಬನನ್ನು ಅವನ ತಾಯಿ ಮತ್ತು ಅಣ್ಣ ಕರೆತಂದಿದ್ದರು. ನ್ಯುಮೋನಿಯಾ. ವಾರದಿಂದ ಜ್ವರವಿದ್ದರೂ ಪುಣ್ಯಾತ್ಮ ಊರಲ್ಲೇ ಗ್ಲೂಕೋಸ್ ಹಾಕಿಸಿಕೊಂಡು ಕೂತಿದ್ದ. ಕತ್ತಿನ ನರ ಎದ್ದು ಕಾಣುವಷ್ಟು ಏದುಸಿರು. ಆಕ್ಸಿಜನ್ ಪೂರಾ ಬಿಟ್ಟರೂ ಬೆರಳಿಗೆ ಸಿಕ್ಕಿಸಿದ ಯಂತ್ರದಲ್ಲಿ ಅಂಕಿ ಮೇಲೇಳಲಿಲ್ಲ. ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶಗಳು ಬೆಳ್ಳಗಿದ್ದವು.

ಡಾಕ್ಟರು ಅಣ್ಣನಿಗೆ ಬಿಡಿಸಿ ಹೇಳಿದರು: "ಇದಕ್ಕೆ ಎಆರ್‌ಡಿಎಸ್ ಅಂತೀವಿ. ಶ್ವಾಸಕೋಶದೊಳಗೆ ನೀರು ತುಂಬ್ಕೊಳ್ತಿದೆ. ವೆಂಟಿಲೇಟರ್ ಬೇಕು, ಶಿವಮೊಗ್ಗಕ್ಕೆ ಕಳಿಸೋಣ." ಹೇಳಿದವರೇ ಆಂಬ್ಯುಲೆನ್ಸಿಗೆ ಫೋನ್ ಮಾಡಲು ಹೋದರು.

"ಒಂದು ಬಾಟ್ಲಿನಾದ್ರೂ ಹಾಕ್ರೀ, ಸುಮ್ನೆ ಮಲಗಿಸ್ಬಿಟ್ಟಿದ್ದೀರಲ್ಲ," ಎಂದ ಅಣ್ಣ.

"ಎದೆ ತುಂಬ ನೀರೇ ಇದೆ, ಇನ್ನೂ ಸುರೀಲಾ?" ನನಗೆ ರೇಗಿಹೋಗಿತ್ತು.

ಅಷ್ಟರಲ್ಲಿ ಅವನ ಏದುಸಿರು ತಗ್ಗಿತು. ಕಣ್ಣು ಮುಚ್ಚಿದ. ಸೆರಗಿನಲ್ಲಿ ಗಾಳಿ ಬೀಸುತ್ತಿದ್ದ ತಾಯಿಯ ಮುಖ ಅರಳಿತು. "ಈಗ ಹಾಯಾಯ್ತು ನೋಡು. ಮೂರು ದಿನದಿಂದ ನಿದ್ದೇನೇ ಇರ್ಲಿಲ್ಲ ನನ್ನ ಮಗಂಗೆ."

"ಶಿವಮೊಗ್ಗ ಯಾಕೆ ಬಿಡ್ರೀ, ನಾಳೆ ನೋಡಾನ," ಎಂದ ಅಣ್ಣ.

ಆದರೆ ಯಂತ್ರದ ಅಂಕಿ ಇನ್ನೂ ಕೆಳಗಿಳಿದಿತ್ತು. ಉಸಿರೆಳೆದೂ ಎಳೆದೂ ಮೈ ಸೋತುಹೋದಾಗ ಹೀಗೇ ಆಗುತ್ತದೆ. ನೋಡುವವರಿಗೆ ಆರಾಮ ಸಿಕ್ಕಂತೆ ಕಾಣುತ್ತದೆ, ಅಷ್ಟೇ. ಡಾಕ್ಟರನ್ನು ಕೂಗಿ, ಅವನ ಭುಜ ಹಿಡಿದು ಅಲುಗಾಡಿಸಿದೆ. "ಏಳಪ್ಪಾ, ಕಣ್ಣು ಬಿಡು! ಉಸಿರು ಎಳ್ಕೋ!"

ತಾಯಿ ನನ್ನ ಕೈ ತಳ್ಳಿದಳು. "ಅಯ್ಯೋ, ಮಲಗಿರೋನ್ನ ಯಾಕೆ ಎಬ್ಬಿಸ್ತೀಯೇ? ನೀನೂ ಹೆತ್ತಿದ್ದೀಯೋ ಇಲ್ವೋ?"

"ಇದು ನಿದ್ದೆಯಲ್ಲ ಕಣಮ್ಮಾ, ಉಸಿರಾಡೋ ಶಕ್ತಿನೇ ಮುಗೀತಿದೆ."

ಅವಳು ನಂಬಲಿಲ್ಲ. ಹೇಗೆ ನಂಬಿಯಾಳು? ಡಾಕ್ಟರು ಓಡಿ ಬಂದು ಗಂಟಲಿಗೆ ಕೊಳವೆ ಇಳಿಸಿದರು. ಶಿವಮೊಗ್ಗದವರೆಗೂ ಆಂಬ್ಯುಲೆನ್ಸಿನಲ್ಲಿ ಅದಕ್ಕೆ ಜೋಡಿಸಿದ ಗಾಳಿಚೀಲ ಒತ್ತುತ್ತಾ ಕೂತೆ. ಕೈ ಮರಗಟ್ಟಿತು. ಆದರೆ ಅವನು ಜೀವಂತವಾಗಿ ತಲುಪಿದ. ವಾಪಸ್ ಬರುವಾಗ, ದೇವರಾಣೆ, ಖುಷಿಯಿಂದಲೇ ಬಂದೆ.

ಶಿವಮೊಗ್ಗದಲ್ಲಿ ಉಸಿರಿಗೆ ಅನುಕೂಲವಾಗಲೆಂದು ಬೋರಲು ಮಲಗಿಸಿದರು, ಮಾಡಬೇಕಾದ್ದೆಲ್ಲ ಮಾಡಿದರು. ಕೆಲವು ದಿನ ವೆಂಟಿಲೇಟರ್‌ನಲ್ಲಿದ್ದು ತೀರಿಕೊಂಡನಂತೆ. ಕೊಳವೆ ಹಾಕಿದ ಮೇಲೆ ಅವನಿಗೆ ಮತ್ತೆ ಎಚ್ಚರವೇ ಆಗಲಿಲ್ಲವಂತೆ.

ಮಳೆಗಾಲ ಕಳೆದ ಮೇಲೆ ಆ ತಾಯಿ ಬಿಪಿ ಮಾತ್ರೆಗೆಂದು ಬಂದಳು. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ಪಕ್ಕದ ಬೆಂಚಿನ ಮೇಲೆ ಕೂತು ಮೆಲ್ಲಗೆ ಕೇಳಿದಳು.

"ಅವತ್ತು ನೀನು ಎಬ್ಬಿಸ್ದೇ ಇದ್ದಿದ್ರೆ, ನನ್ನ ಮಡ್ಲಲ್ಲೇ ಹೋಗ್ತಿದ್ದ. ಅಲ್ವೇನವ್ವಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಹೌದಮ್ಮಾ," ಅಂದೆ.